ಅವ್ವನ ರಿಪೋರ್ಟು ಯಾರ ಜೇಬಿನಲ್ಲಿದೆ?



ನಮ್ಮ ಮುತ್ತಾತಂದಿರಿಗೆ ಓದು ಬರಲಿಲ್ಲ. ಬರಲಿಲ್ಲ ಅಂತ ಯಾಕೆ ಹೇಳಬೇಕು, ಬರಗೊಡಲಿಲ್ಲ. ಅವರ ಹೊಲದ ಕಾಗದ, ಸಾಲದ ಕಾಗದ, ಕೋರ್ಟಿನ ಕಾಗದ ಎಲ್ಲ ಕರಣಂ ಕೈಯಲ್ಲಿ. ಕರಣಂ ಓದುತ್ತಿದ್ದ. ತನಗೆ ಬೇಕಾದಷ್ಟು ಹೇಳುತ್ತಿದ್ದ. ಉಳಿದದ್ದನ್ನು ಬಗಲಲ್ಲಿ ಇಟ್ಟುಕೊಂಡು ಹೋಗುತ್ತಿದ್ದ. "ನಿನಗ್ಯಾಕೋ ಅದೆಲ್ಲ, ಹೆಬ್ಬೆಟ್ಟು ಒತ್ತು" ಅನ್ನುತ್ತಿದ್ದ. ಒತ್ತಿದರು. ಹೊಲ ಹೋಯಿತು. ಹೋಗಿದೆ ಅಂತ ಗೊತ್ತಾದದ್ದು ನೇಗಿಲು ಹೂಡಲು ಹೋದ ದಿನ.

ಆ ಕರಣಂಗಿರಿ ಹೋಯಿತು, ಶಾನುಭೋಗಿಕೆ ರದ್ದಾಯಿತು. ಆದರೆ ಆ ಬುದ್ಧಿ ಸತ್ತಿಲ್ಲ. ಅದು ಈಗ ನಮ್ಮ ಮನೆಯೊಳಗೇ ಪ್ಯಾಂಟು ಹಾಕಿಕೊಂಡು ಓಡಾಡುತ್ತಿದೆ. ಆ ಹೊಸ ಕರಣಂ ಯಾರು ಗೊತ್ತೇ? ನೀನು. ನಾನು. ಬಳ್ಳಾರಿಯ ಹಾಸ್ಟೆಲಿನಲ್ಲಿ ಸರ್ಕಾರದ ಅನ್ನ ಉಂಡು ಇಂಗ್ಲಿಷು ಕಲಿತ ಮಗ.

ಸಿರುಗುಪ್ಪದ ಕಡೆಯಿಂದಲೋ ಕುರುಗೋಡಿನ ಕಡೆಯಿಂದಲೋ ಒಬ್ಬ ಅವ್ವ ಬಸ್ಸಿಳಿದು ಆಸ್ಪತ್ರೆಗೆ ಬರುತ್ತಾಳೆ. ಮೊಲೆಯಲ್ಲಿ ಗಂಟು. ಡಾಕ್ಟರು ಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟು ಬರುತ್ತದೆ. "ಓದಿದವರು ಯಾರಿದ್ದೀರಿ?" ಅಂತ ಕೇಳುತ್ತಾರೆ. ಮಗ ಮುಂದೆ ಹೋಗುತ್ತಾನೆ. ಓದುತ್ತಾನೆ. ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಅವ್ವನ ಹತ್ತಿರ ಬಂದು "ಏನಿಲ್ಲವ್ವ, ಸಣ್ಣ ಗಂಟು" ಅನ್ನುತ್ತಾನೆ.

ಇದನ್ನು ನಾವು ಪ್ರೀತಿ ಎಂದು ಕರೆಯುತ್ತೇವೆ. ಇದು ಪ್ರೀತಿಯಲ್ಲ, ಕರಣಂಗಿರಿ. ಯಾಕೆ ಅಂತ ಹೇಳುತ್ತೇನೆ. ಬೇರೆಯವರ ಮೇಲೆ ಕಲ್ಲೆಸೆಯುವ ಮೊದಲು ನನ್ನ ಕಥೆಯನ್ನೇ ಹೇಳುತ್ತೇನೆ.

ನಾನು ಮಾಡಿದ್ದು

ನನ್ನ ದೊಡ್ಡವ್ವ ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಯವಳು. ಭತ್ತದ ನಾಟಿಗೆ, ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗುತ್ತಿದ್ದವಳು. ಅವ್ವ ಕೂಲಿಗೆ ಹೋದಾಗ ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ಎಡಮೊಲೆಯಲ್ಲಿ ಶೇಂಗಾ ಬೀಜದಷ್ಟು ಗಂಟು ಕೈಗೆ ಸಿಕ್ಕಿತ್ತು. ನೋವಿಲ್ಲ. ನಾಟಿಯ ಹಂಗಾಮು. ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ಯಾರಿಗೂ ಹೇಳಲಿಲ್ಲ. ಗಂಟು ಬಲಿತ ಮೇಲೆ ಊರಿನ ಸೂಜಿ ಡಾಕ್ಟರನ ಹತ್ತಿರ ಹೋಗಿ "ಎದಿ ನೋಯ್ತೈತಿ" ಅಂದಳು. ಆತ ಎದೆ ನೋವಿನ ಗುಳಿಗೆ ಕೊಟ್ಟ. ಆಮೇಲೆ ಯಾರೋ ಬೇರು ಅರೆದು ಕಟ್ಟಿದರು. ಎಂಟು ತಿಂಗಳು ಹೋಯಿತು. ಗಂಟು ನಿಂಬೆಹಣ್ಣಿನಷ್ಟಾಯಿತು.

ಆಗ ನಾನು ಬಿ.ಎ. ಕೊನೆಯ ವರ್ಷ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಇಲ್ಲಿ ತಪ್ಪು ನನ್ನದು. ಸೂಜಿಯಿಂದ ತುಣುಕು ತೆಗೆದು ಪರೀಕ್ಷೆ ಮಾಡಿದ ರಿಪೋರ್ಟು ನನ್ನ ಕೈಗೆ ಬಂತು. 'ಕಾರ್ಸಿನೋಮ' ಎಂದಿತ್ತು. ನನಗೆ ಅರ್ಥವಾಯಿತು. ದೊಡ್ಡಪ್ಪ, ಅವರ ಮಗ, ನಾನು ಮೂರೂ ಜನ ಹೊರಗೆ ಬೇವಿನ ಮರದ ಕೆಳಗೆ ನಿಂತು, ಕೈಯಲ್ಲಿ ಚಾ ಹಿಡಿದುಕೊಂಡು ತೀರ್ಮಾನ ಮಾಡಿದೆವು. ಮೊಲೆ ತೆಗೆಸೋದು. ಆಕೆಗೆ ಹೇಳೋದು ಬೇಡ. ಆಕೆ ಇಪ್ಪತ್ತು ಹೆಜ್ಜೆ ಆಚೆ ಬೆಂಚಿನ ಮೇಲೆ ಕುಂತು ನಮ್ಮನ್ನೇ ನೋಡುತ್ತಿದ್ದಳು. ಹೋಗಿ "ನೀರಿನ ಗಂಟು, ತೆಗೀತಾರ" ಅಂದೆ. ಹೆಬ್ಬೆಟ್ಟು ಒತ್ತಿಸಿದೆ. ಹೌದು, ನಾನೇ ಆಕೆಯ ಹೆಬ್ಬೆಟ್ಟು ಹಿಡಿದು ಒತ್ತಿಸಿದೆ.

ಆಪರೇಷನ್ ಆಯಿತು. ಆಮೇಲೆ ಆರು ಸಲ ಕೀಮೋ ಅಂದರು. ಮೂರು ಆಯಿತು. ಕೂದಲು ಉದುರಿತು, ವಾಂತಿ, ಬಾಯಲ್ಲಿ ಹುಣ್ಣು. ದೊಡ್ಡವ್ವ ಹೇಳಿದಳು: "ಗಂಟು ತಗದಾರ, ಮುಗೀತಲ್ಲ. ಈ ಸೂಜಿನೇ ನನ್ನ ಕೊಲ್ಲಾಕ ಹತ್ತೈತಿ. ನಾ ಒಲ್ಲೆ." ನಮ್ಮ ಹತ್ತಿರ ಉತ್ತರ ಇರಲಿಲ್ಲ. ನೀರಿನ ಗಂಟಿಗೆ ಆರು ಕೀಮೋ ಯಾಕೆ ಬೇಕು ಅಂತ ಹೇಗೆ ಹೇಳೋದು? ಸುಳ್ಳು ಹೇಳಿದ ಬಾಯಿಗೆ ಬೀಗ ಬಿದ್ದಿತ್ತು. ಆಕೆ ಮೆಣಸಿನಕಾಯಿ ಬಿಡಿಸಲು ಹೋದಳು. ಎರಡನೇ ವರ್ಷಕ್ಕೆ ಬೆನ್ನುಮೂಳೆಗೆ ಬಂತು.

ಕೊನೆಗೆ ಒಬ್ಬ ಡಾಕ್ಟರಮ್ಮ ನಮ್ಮನ್ನೆಲ್ಲ ಆಚೆ ಸರಿಸಿ ಆಕೆಯ ಮುಂದೆ ಕುಂತು ಹೆಸರಿಟ್ಟು ಹೇಳಿದರು. ದೊಡ್ಡವ್ವ ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು: "ಮೊದಲೇ ಹೇಳಿದ್ರ ಪೂರ್ತಿ ಹಾಕಿಸ್ಕೊಂತಿದ್ದೆ ಅಲ್ಲೋ. ಕೂಲಿಗೆ ಹೋದ ಯಾವ ಹೊಲ ಅರ್ಧ ಬಿಟ್ಟು ಬಂದೀನಿ ನಾನು?"

ಪೂರ್ತಿ ಹಾಕಿಸಿಕೊಂಡಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಆ ಲೆಕ್ಕ ಆಕೆಯದಾಗಿತ್ತು. ಅದನ್ನು ನಾನು ಕದ್ದೆ. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

"ಧೈರ್ಯಗೆಡುತ್ತಾಳೆ" ಎಂಬ ನೆಪ

ಕೆಲವರು ಹೇಳುತ್ತಾರೆ: "ಹೆಂಗಸರು, ಓದಿಲ್ಲ, ಕ್ಯಾನ್ಸರ್ ಅಂದರೆ ಅಲ್ಲೇ ಎದೆಯೊಡೆದುಕೊಳ್ಳುತ್ತಾರೆ." ಯಾರ ಬಗ್ಗೆ ಈ ಮಾತು? ಗಂಡ ಕುಡಿದು ಬಿದ್ದಾಗ ಮನೆ ನಡೆಸಿದವಳ ಬಗ್ಗೆ. ಹೆರಿಗೆಯಾದ ತಿಂಗಳೊಳಗೆ ಕೆಸರಿಗಿಳಿದವಳ ಬಗ್ಗೆ. ಬರ ಬಂದಾಗ ಮಕ್ಕಳಿಗಿಟ್ಟು ತಾನು ನೀರು ಕುಡಿದು ಮಲಗಿದವಳ ಬಗ್ಗೆ. ಆಕೆಗೆ ಧೈರ್ಯವಿಲ್ಲವಂತೆ, ಹಾಸ್ಟೆಲಿನಲ್ಲಿ ಸಾರು ತೆಳ್ಳಗಾದರೆ ಊರಿಗೆ ಫೋನು ಮಾಡುವ ನಮಗೆ ಇದೆಯಂತೆ!

ನಿಜ ಏನೆಂದರೆ ಧೈರ್ಯವಿಲ್ಲದವರು ನಾವು. ಆಕೆಯ ಕಣ್ಣೀರು ನೋಡಲು ನಮಗೆ ಭಯ. ಆಕೆ ಕೇಳುವ ಪ್ರಶ್ನೆಗಳಿಗೆ ಭಯ. ಎಷ್ಟು ಖರ್ಚು, ಯಾರು ಕೊಡುತ್ತಾರೆ, ಸಂಘದ ಕಂತು ಯಾರು ಕಟ್ಟುತ್ತಾರೆ, ಎಮ್ಮೆ ಯಾರು ನೋಡುತ್ತಾರೆ, ಮಗಳ ಮದುವೆ ಏನಾಗುತ್ತದೆ? ಆಕೆ ಇವನ್ನೆಲ್ಲ ಕೇಳುತ್ತಾಳೆ. ಕೇಳಬೇಕು. ಅದು ಆಕೆಯ ಮನೆ.

ಮೊದಲ ವಾರ ಆಕೆ ಅಳಲಿ. ರಾತ್ರಿ ನಿದ್ದೆ ಬರುವುದಿಲ್ಲ, ಜೊತೆಗೆ ಕುಂತಿರಿ. "ಧೈರ್ಯ ತಗೋ, ಧೈರ್ಯ ತಗೋ" ಅಂತ ಬಂದವರೆಲ್ಲ ಹೇಳಿ ಹೋಗುತ್ತಾರೆ, ಅದು ಆಕೆಯ ಬಾಯಿ ಮುಚ್ಚಿಸುವ ಮಾತು. ಪಕ್ಕದೂರಿನಲ್ಲಿ ಚಿಕಿತ್ಸೆ ಮುಗಿಸಿ ಮತ್ತೆ ಕೂಲಿಗೆ ಹೋಗುತ್ತಿರುವ ಹೆಣ್ಣುಮಗಳು ಇದ್ದರೆ, ಆಕೆ ಒಪ್ಪಿದರೆ, ಕರೆದುಕೊಂಡು ಬಂದು ಅವ್ವನ ಮುಂದೆ ಕೂರಿಸಿರಿ. ಆಕೆಯ ಒಂದು ಮಾತು ನಮ್ಮ ನೂರು ಮಾತಿಗೆ ಸಮ.

ಮೊಲೆ ಅನ್ನಲು ನಾಚಿಕೆ ಯಾಕೆ?

ಈ ಪುಟದಲ್ಲಿ 'ಮೊಲೆ' ಎಂದು ಬರೆದದ್ದಕ್ಕೆ ಕೆಲವರು ಮೂಗು ಮುರಿಯಬಹುದು. ಮುರಿಯಲಿ. ದೊಡ್ಡವ್ವ ಆ ಮಾತಿಗೆ ನಾಚಿ 'ಎದೆ' ಅಂದಳು, ಎದೆ ನೋವಿನ ಗುಳಿಗೆ ನುಂಗಿದಳು. ನಾಚಿಕೆಯ ಬೆಲೆ ಎಂಟು ತಿಂಗಳು.

2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಮೊಲೆಯ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಮಂದಿ ಸತ್ತರು ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಭಾರತದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. ಅರ್ಧಕ್ಕೂ ಹೆಚ್ಚು ಮಂದಿ ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಗಂಟನ್ನು ದಾಟಿ ಹಬ್ಬಿರುತ್ತದೆ.

ಮೊಲೆಯಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ನೋವಿಲ್ಲ ಅಂತ ಸುಮ್ಮನಿರುವುದು ತಪ್ಪು. ಈ ಗಂಟಿಗೆ ಮೊದಮೊದಲು ನೋವೇ ಇರುವುದಿಲ್ಲ, ಅದೇ ಅದರ ಮೋಸ. ಗಂಟು, ಕಂಕುಳಲ್ಲಿ ಗಡ್ಡೆ, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಬೀಳುವುದು: ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ತೋರಿಸಬೇಕು.

ಮುಂಬೈಯ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸುಮಾರು 20 ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದ ಕಡೆ ರೋಗ ಬೇಗ ಪತ್ತೆಯಾಯಿತು. 50 ದಾಟಿದ ಹೆಂಗಸರಲ್ಲಿ ಸಾವು ಸುಮಾರು ಶೇಕಡ 30ರಷ್ಟು ಕಡಿಮೆಯಾಯಿತು. ದೊಡ್ಡ ಯಂತ್ರ ಬೇಕಾಗಲಿಲ್ಲ, ಹೆಂಗಸರ ಕೈ ಸಾಕಾಯಿತು. 30 ದಾಟಿದ ಹೆಂಗಸರಿಗೆ ಆರೋಗ್ಯ ಕೇಂದ್ರದಲ್ಲಿ ಮೊಲೆ, ಗರ್ಭಕಂಠ, ಬಾಯಿ ಕ್ಯಾನ್ಸರಿನ ತಪಾಸಣೆ ಆಗಬೇಕು ಎಂಬುದು ಸರ್ಕಾರದ್ದೇ ಕಾರ್ಯಕ್ರಮ. ನಿಮ್ಮ ಕೇರಿಗೆ ಅದು ಬಂದಿದೆಯೇ? ಹೋಗಿ ಕೇಳಿದ್ದೀರಾ?

ಬೇರೆ ಲೋಟ

ಇನ್ನೊಂದು ನಾಚಿಕೆಗೇಡಿನ ಸಂಗತಿ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಾಗ ಆ ಲೋಟ ಒಡೆದು ಹೋರಾಡಿದವರು ನಮ್ಮ ಹಿರಿಯರು. ಅದೇ ಕೇರಿಯಲ್ಲಿ ಇವತ್ತು ಕ್ಯಾನ್ಸರ್ ಬಂದ ಸೊಸೆಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಹಾಸಿಗೆ. ಮೊಮ್ಮಗನನ್ನು ಎತ್ತಿಕೊಳ್ಳಗೊಡುವುದಿಲ್ಲ. "ಅಂಟ್ತೈತಿ" ಅಂತ.

ಕ್ಯಾನ್ಸರ್ ಅಂಟುವ ರೋಗ ಅಲ್ಲ. ಮುಟ್ಟಿದರೆ ಬರುವುದಿಲ್ಲ, ಎಂಜಲು ತಿಂದರೆ ಬರುವುದಿಲ್ಲ. ಹಿಂದಿನ ಜನ್ಮದ ಪಾಪದಿಂದಲೂ ಬರುವುದಿಲ್ಲ. ಪಾಪದ ಫಲ ಅಂತ ಯಾರಾದರೂ ಹೇಳಿದರೆ, ಇದೇ ಮಾತನ್ನು ಸಾವಿರಾರು ವರ್ಷ ನಮ್ಮ ಹುಟ್ಟಿನ ಬಗ್ಗೆಯೂ ಹೇಳಿದರು ಅಂತ ನೆನಪು ಮಾಡಿಕೊಳ್ಳಿ. ಮುಟ್ಟಿಸಿಕೊಳ್ಳದವರ ನೋವು ಗೊತ್ತಿದ್ದವರೇ ಹೆತ್ತವಳನ್ನು ಮುಟ್ಟದಿದ್ದರೆ ಯಾವ ಬಾಯಲ್ಲಿ ಸಮಾನತೆ ಮಾತಾಡೋದು?

ಮೈ ಯಾರದು, ತೀರ್ಮಾನ ಯಾರದು?

ತೀರ್ಮಾನ ಗಂಡಸರದು, ಸಹಿ ಗಂಡನದು ಅಥವಾ ಮಗನದು ಎಂಬ ನಂಬಿಕೆ ನಮ್ಮಲ್ಲಿದೆ. ಕೆಲವು ಆಸ್ಪತ್ರೆಗಳಲ್ಲೂ ಇದೆ. "ಗಂಡ ಎಲ್ಲಿ, ಆತ ಸಹಿ ಮಾಡಲಿ" ಅನ್ನುತ್ತಾರೆ. ಗಂಡ ಬಿಟ್ಟವಳು, ಗಂಡನೇ ಇಲ್ಲದವಳು, ದೇವರ ಹೆಸರಲ್ಲಿ ಬಿಡಿಸಿಕೊಂಡವಳು ಎಲ್ಲಿಗೆ ಹೋಗಬೇಕು?

ಕಾನೂನು ಹೀಗಿದೆ. 1995ರಲ್ಲಿ ಸಮೀರಾ ಕೊಹ್ಲಿ ಎಂಬುವವರು ಪರೀಕ್ಷೆಗೆಂದು ಆಸ್ಪತ್ರೆಗೆ ಹೋದರು. ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಕೇಳಿ ಗರ್ಭಕೋಶ, ಅಂಡಾಶಯ ತೆಗೆದರು. ಅವರು ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 2008ರ ಜನವರಿ 16ರಂದು ಕೋರ್ಟು ಹೇಳಿತು: ವಯಸ್ಕಳಾದ, ಬುದ್ಧಿ ಸರಿಯಿರುವ ರೋಗಿಯ ಒಪ್ಪಿಗೆ ರೋಗಿಯದೇ ಆಗಬೇಕು, ತಾಯಿಯದೂ ನಡೆಯುವುದಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಕೊಟ್ಟ ಒಪ್ಪಿಗೆ ಅಲ್ಲ. ಜೀವಕ್ಕೇ ಬಂದ ತುರ್ತು ಮಾತ್ರ ಬೇರೆ. ಚಿಕಿತ್ಸೆ ಏನು, ಬೇರೆ ದಾರಿ ಏನಿದೆ, ಅಪಾಯ ಏನು ಎಂದು ಡಾಕ್ಟರು ತಿಳಿಸಬೇಕು. ಹೆಬ್ಬೆಟ್ಟಿನವಳಿಗೂ ಇದೇ ಕಾನೂನು.

ಈ ಹಕ್ಕು ಬೇರೆ ದೇಶದಲ್ಲೂ ಪುಕ್ಕಟೆ ಬರಲಿಲ್ಲ. ಹೆಂಗಸರು ಜಗಳ ಮಾಡಿ ಪಡೆದದ್ದು. ಅಮೆರಿಕದ ಹಾಲ್‌ಸ್ಟೆಡ್ ಎಂಬ ಸರ್ಜನ್ನು 19ನೇ ಶತಮಾನದ ಕೊನೆಯಲ್ಲಿ ಮೊಲೆಯ ಜೊತೆಗೆ ಎದೆಯ ಸ್ನಾಯುಗಳನ್ನೂ ಕಿತ್ತು ತೆಗೆಯುವ ಆಪರೇಷನ್ನನ್ನು ಪ್ರಚಾರಕ್ಕೆ ತಂದ. ಮುಕ್ಕಾಲು ಶತಮಾನ ಅದೇ ವೇದವಾಕ್ಯ. ಗಂಟಿನ ಪರೀಕ್ಷೆಗೆಂದು ಮಲಗಿದವಳು ಎಚ್ಚರಾದಾಗ ಮೊಲೆಯೇ ಇರುತ್ತಿರಲಿಲ್ಲ. ರೋಸ್ ಕುಶ್ನರ್ ಎಂಬ ಪತ್ರಕರ್ತೆ 1974ರಲ್ಲಿ ತನ್ನ ಮೈಯಲ್ಲೇ ಗಂಟು ಸಿಕ್ಕಾಗ ಇದನ್ನು ಒಪ್ಪಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ನನ್ನ ಜೊತೆ ಮಾತು, ಆಮೇಲೆ ಕತ್ತಿ ಎಂದಳು. ಆಕೆಯೂ ಕುಳಿತಿದ್ದ ತಜ್ಞರ ಮಂಡಳಿ 1979ರಲ್ಲಿ ಅದನ್ನೇ ಶಿಫಾರಸು ಮಾಡಿತು.

ವಿಜ್ಞಾನವೂ ಆ ಹೆಂಗಸರ ಕಡೆಗೇ ಬಂತು. ಬರ್ನಾರ್ಡ್ ಫಿಷರ್ ಎಂಬ ಡಾಕ್ಟರು 1976ರಲ್ಲಿ ಶುರು ಮಾಡಿದ ಪ್ರಯೋಗದಲ್ಲಿ 1,851 ಹೆಂಗಸರನ್ನು 20 ವರ್ಷ ಗಮನಿಸಿದರು. ಇಟಲಿಯ ವೆರೊನೇಸಿ ಬೇರೆಯಾಗಿ 701 ಮಂದಿಯನ್ನು ಗಮನಿಸಿದರು. ಇಬ್ಬರ ಉತ್ತರವೂ 2002ರಲ್ಲಿ ಪ್ರಕಟವಾಯಿತು, ಎರಡೂ ಒಂದೇ. ರೋಗ ಮೊದಲ ಹಂತಗಳಲ್ಲಿದ್ದರೆ ಗಂಟು ಮಾತ್ರ ತೆಗೆದು ಕಿರಣ ಕೊಟ್ಟರೂ, ಇಡೀ ಮೊಲೆ ತೆಗೆದರೂ, ಬದುಕುವ ಸಾಧ್ಯತೆಯಲ್ಲಿ ವ್ಯತ್ಯಾಸವಿಲ್ಲ. ಹಾಗಾದರೆ ಯಾವುದು ಬೇಕು ಎಂದು ಯಾರು ಹೇಳಬೇಕು? ಬೇವಿನ ಮರದ ಕೆಳಗೆ ಚಾ ಕುಡಿಯುತ್ತಿದ್ದ ನಾವೇ?

ರಿಪೋರ್ಟು ಓದುವುದು ಹೇಗೆ?

ಓದಲು ಬರುತ್ತದೆ ಎಂದು ಬೀಗುವ ನಾವು ಇಷ್ಟಾದರೂ ಕಲಿಯಬೇಕು. ಕಲಿತು ಅವ್ವನಿಗೆ ಕನ್ನಡದಲ್ಲಿ, ತೆಲುಗು ಮನೆಮಾತಾದರೆ ತೆಲುಗಿನಲ್ಲಿ ಹೇಳಬೇಕು.

ಒಂದು: 'ಸ್ಟೇಜ್' ಅಂದರೆ ರೋಗ ಎಷ್ಟು ದೂರ ಹಬ್ಬಿದೆ ಎಂಬುದು, 1ರಿಂದ 4. 'ಗ್ರೇಡ್' ಅಂದರೆ ಅದರ ಸ್ವಭಾವ ಎಷ್ಟು ಒರಟು ಎಂಬುದು, 1ರಿಂದ 3. ಗ್ರೇಡ್ 3 ನೋಡಿ ಕೊನೆಯ ಹಂತ ಎಂದುಕೊಂಡು ಮನೆಗೆ ಕರೆದುಕೊಂಡು ಹೋಗಬೇಡಿ.

ಎರಡು: ಇ.ಆರ್., ಪಿ.ಆರ್. ಪಾಸಿಟಿವ್ ಅಂದರೆ ಹಾರ್ಮೋನಿನ ಗುಳಿಗೆ ಕೆಲಸ ಮಾಡುತ್ತದೆ. ಟ್ಯಾಮಾಕ್ಸಿಫೆನ್ ಅಂತ ಹಳೆಯ, ಅಗ್ಗದ ಗುಳಿಗೆ. ಇ.ಆರ್. ಪಾಸಿಟಿವ್ ಇದ್ದವರು ಅದನ್ನು 5 ವರ್ಷ ತಪ್ಪದೆ ನುಂಗಿದರೆ ಈ ರೋಗದಿಂದ ಸಾಯುವ ಸಾಧ್ಯತೆ ಮೂರರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ. ಮೈ ಹುಷಾರಾಯಿತು ಅಂತ ನಡುವೆ ಬಿಡಬಾರದು.

ಮೂರು: ಹೆರ್-2 ಪಾಸಿಟಿವ್ ಅಂದರೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್, ಸಾಮಾನ್ಯವಾಗಿ ಒಂದು ವರ್ಷ. ದುಬಾರಿ ಔಷಧಿ. 2014ರಿಂದ ನಮ್ಮ ದೇಶದ ಕಂಪನಿಗಳೂ ತಯಾರಿಸಿ ಮಾರುತ್ತಿರುವುದರಿಂದ ಬೆಲೆ ಇಳಿದಿದೆ. ಯೋಜನೆಯಲ್ಲಿ ಸಿಗುತ್ತದೆಯೇ ಎಂದು ಕೇಳಿ. ರಿಪೋರ್ಟಿನಲ್ಲಿ '2+' ಎಂದಿದ್ದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು.

ನಾಲ್ಕು: ಮೂರೂ ನೆಗೆಟಿವ್ ಇದ್ದರೆ ಆ ಗುಳಿಗೆ, ಆ ಇಂಜೆಕ್ಷನ್ ಉಪಯೋಗವಿಲ್ಲ. ಅಲ್ಲಿ ಕೀಮೋನೇ ಮುಖ್ಯ ಆಯುಧ. ಗಂಟು ದೊಡ್ಡದಿದ್ದರೆ ಆಪರೇಷನ್ನಿಗೆ ಮುಂಚೆಯೇ ಕೀಮೋ ಕೊಟ್ಟು ಕುಗ್ಗಿಸುತ್ತಾರೆ. ಆಪರೇಷನ್ ಮುಂದಕ್ಕೆ ಹಾಕಿದರೆಂದು ಹೆದರಬೇಡಿ.

ಐದು: ಸೂಜಿ ಹಾಕಿದರೆ, ಕತ್ತಿ ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು ಸುಳ್ಳು. ಈ ಸುಳ್ಳಿನಿಂದ ಬೇರಿನ ಪುಡಿ ಮಾರುವವರ ಗಲ್ಲಾ ತುಂಬಿದೆ, ನಮ್ಮವರ ಕುಣಿ ತುಂಬಿದೆ.

ಆರು: 4ನೇ ಸ್ಟೇಜ್ ಆದರೂ "ಏನೂ ಮಾಡಲಾಗದು" ಎಂದು ಕೈಚೆಲ್ಲಬೇಡಿ. ರೋಗ ಪೂರ್ತಿ ಹೋಗದಿರಬಹುದು, ಹಿಡಿತದಲ್ಲಿಟ್ಟು ಬದುಕಿಸುವ ಔಷಧಿಗಳಿವೆ. ನೋವಿಗೆ ಮಾರ್ಫಿನ್ ಇದೆ. ನೋವಿಲ್ಲದೆ ಇರುವುದೂ ಹಕ್ಕು.

ತೀರ್ಮಾನಕ್ಕೆ ಒಂದೆರಡು ವಾರ ಯೋಚಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇನ್ನೊಬ್ಬ ಡಾಕ್ಟರಿಗೆ ತೋರಿಸಬಹುದು. ತಿಂಗಳುಗಟ್ಟಲೆ ತಡ ಮಾಡಿದರೆ ಮಾತ್ರ ಅನಾಹುತ.

ದೂರವೇ ಕತ್ತಿ

ಇಲ್ಲಿವರೆಗೆ ನಮ್ಮನ್ನು ಬೈದುಕೊಂಡೆ. ಇನ್ನು ಸರ್ಕಾರದ ಸರದಿ.

ಗಂಟು ಮಾತ್ರ ತೆಗೆಸಿಕೊಂಡರೆ ಕಿರಣ ಚಿಕಿತ್ಸೆ ಬೇಕೇ ಬೇಕು. ನಮ್ಮವರು 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಅದು. ಮೊದಲು ಐದು ವಾರ ಕೊಡುತ್ತಿದ್ದರು, ಈಗ ಬಹಳ ಕಡೆ ಮೂರು ವಾರ. ದಿನಾ ಹೋಗಬೇಕು. ಬೆಂಗಳೂರಿನಲ್ಲಿ ಮನೆ ಇದ್ದವಳು ದಿನಾ ಹೋಗಿ ಬರುತ್ತಾಳೆ. ಕುರುಗೋಡಿನ ಕೂಲಿಯವಳು? ಮೂರು ವಾರ ಯಾವ ಊರಲ್ಲಿ, ಯಾರ ಮನೆಯಲ್ಲಿ, ಏನು ತಿಂದು ಇರಬೇಕು? ಜೊತೆಗಿರುವ ಮಗಳ ಕೂಲಿ ಯಾರು ಕೊಡುತ್ತಾರೆ? ಅದಕ್ಕೇ ಆಕೆ "ಎಲ್ಲಾ ತೆಗೆದುಬಿಡ್ರಿ, ಒಮ್ಮೆಗೇ ಮುಗೀಲಿ" ಅನ್ನುತ್ತಾಳೆ. ಆಮೇಲೆ ನೋಡಿದರೆ ರೋಗ ಹಬ್ಬಿದ್ದಕ್ಕೆ ಮೊಲೆ ತೆಗೆದ ಮೇಲೂ ಕಿರಣ ಬೇಕು ಅನ್ನುತ್ತಾರೆ. ಇದನ್ನು ಆಯ್ಕೆ ಎನ್ನುತ್ತಾರೆಯೇ? ತಿಳಿದು, ಬೇಕೆಂದು ಮೊಲೆ ತೆಗೆಸಿಕೊಂಡರೆ ಅದು ಆಕೆಯ ಹಕ್ಕು. ಬಸ್ಸು, ಬಾಡಿಗೆ, ಕೂಲಿಯ ಲೆಕ್ಕ ಆಕೆಯ ಕೈಯಿಂದ ಒಪ್ಪಿಸಿದರೆ ಅದು ಅನ್ಯಾಯ.

ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿ 1973ರಲ್ಲಿ ಶುರುವಾಯಿತು. ಐವತ್ತು ವರ್ಷ ದಾಟಿತು. ಇವತ್ತಿಗೂ ನಮ್ಮ ಹೆಂಗಸರು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕುಂತು ಅಲ್ಲಿಗೆ ಹೋಗುತ್ತಾರೆ, ಇಲ್ಲವೇ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಈ ಜಿಲ್ಲೆಯ ಮಣ್ಣು ಅಗೆದು ಲಾರಿಗಟ್ಟಲೆ ಅದಿರು ಸಾಗಿಸಿದರು. 2015ರ ಕಾನೂನಿನಂತೆ ಗಣಿಗಾರಿಕೆಯಿಂದ ಬಾಧಿತರಾದ ಜನರಿಗಾಗಿ ಜಿಲ್ಲಾ ಖನಿಜ ನಿಧಿ ಇದೆ, ಆರೋಗ್ಯ ಅದರ ಮೊದಲ ಆದ್ಯತೆಗಳಲ್ಲಿ ಒಂದು. 371ಜೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡಿದೆ. ನಮ್ಮ ಹೆಸರಿನಲ್ಲಿ 2013ರ ಉಪಯೋಜನೆ ಕಾಯಿದೆಯ ದುಡ್ಡಿದೆ. ಇಷ್ಟು ಗಂಟುಗಳಿರುವ ಜಿಲ್ಲೆಯಲ್ಲಿ ಒಂದು ಗಂಟಿನ ಚಿಕಿತ್ಸೆಗೆ ಅವ್ವ ರೈಲು ಹತ್ತಬೇಕೇ?

ಈಗಲೇ ಇರುವುದನ್ನು ಬಿಡಬೇಡಿ

ಹೋರಾಟ ಗೆಲ್ಲುವವರೆಗೆ ರೋಗ ಕಾಯುವುದಿಲ್ಲ. ಇವನ್ನು ಬರೆದಿಟ್ಟುಕೊಳ್ಳಿ.

ಬಿ.ಪಿ.ಎಲ್. ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ನಮ್ಮ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದಲೇ ಶುರು ಮಾಡಿ. ಪತ್ರವಿಲ್ಲದೆ ಬೋರ್ಡು ನೋಡಿ ಒಳಗೆ ಹೋಗಿ ಹೊಲ ಮಾರಬೇಡಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ಉಚಿತ, ಜೊತೆಗಾರರಿಗೆ ಶೇಕಡ 75 ರಿಯಾಯಿತಿ. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಸರ್ಟಿಫಿಕೇಟು ಬೇಕು. ರಾತ್ರಿಯಿಡೀ ಜನರಲ್ ಬೋಗಿಯಲ್ಲಿ ನಿಂತು ಹೋದವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮಗಳಲ್ಲೇ ಇದೆ. ಗದರಿಸಿದರೆ ಹಿಂದೆ ಸರಿಯಬೇಡಿ. ಬರೆದು ಕೊಟ್ಟು ಕೇಳಿ.

ಹಾಸ್ಟೆಲಿನವರ ಕೆಲಸ

1. ಪ್ರತಿ ಹಾಸ್ಟೆಲಿನಿಂದ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಸರದಿಯ ಮೇಲೆ ಆಸ್ಪತ್ರೆಗೆ ಹೋಗಬೇಕು. ಊರಿಂದ ಬಂದವರಿಗೆ ಚೀಟಿ ಬರೆಸುವುದು, ರಿಪೋರ್ಟು ಓದಿ ಆಕೆಗೇ ಹೇಳುವುದು.

2. ಡಾಕ್ಟರ ಕೋಣೆಗೆ ಅವ್ವನನ್ನು ಬಿಟ್ಟು ಹೋಗಬಾರದು. ಕುರ್ಚಿ ಒಂದೇ ಇದ್ದರೆ ಆಕೆ ಕೂರಬೇಕು, ನಾವು ನಿಲ್ಲಬೇಕು.

3. ಮೊದಲು ಆಕೆಯನ್ನೇ ಕೇಳಬೇಕು: "ಎಷ್ಟು ತಿಳ್ಕೊಬೇಕು ಅಂತೀ ಅವ್ವ?" ಪೂರ್ತಿ ಬೇಡ, ನೀನೇ ನೋಡಿಕೋ ಎಂದರೆ ಅದೂ ಆಕೆಯ ತೀರ್ಮಾನ. ಕೇಳದೆ ಮುಚ್ಚಿಡುವುದು ಬೇರೆ, ಆಕೆ ಹೇಳಿದ್ದಕ್ಕೆ ತಡೆಯುವುದು ಬೇರೆ.

4. ರಜೆಗೆ ಊರಿಗೆ ಹೋದಾಗ ಹುಡುಗಿಯರು ಕೇರಿಯ ಹೆಂಗಸರ ಜೊತೆ ಕುಂತು ಗಂಟಿನ ಮಾತಾಡಬೇಕು. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಅಕ್ಕಂದಿರ ಹತ್ತಿರವೂ ಹೋಗಬೇಕು. ಹುಡುಗರು ತಮ್ಮ ಅಪ್ಪ, ಅಣ್ಣಂದಿರ ಜೊತೆ ಮಾತಾಡಬೇಕು. ಅದು ಇನ್ನೂ ಕಷ್ಟದ ಕೆಲಸ.

5. ಜಿಲ್ಲಾಧಿಕಾರಿಗೆ ನಮ್ಮ ಬೇಡಿಕೆ: ಸಿರುಗುಪ್ಪ, ಕುರುಗೋಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಮಹಿಳಾ ಡಾಕ್ಟರಿಂದ ಮೊಲೆ ತಪಾಸಣೆ. ಬಳ್ಳಾರಿಯಲ್ಲಿ ಕೀಮೋ, ಕಿರಣ ಎರಡೂ ಬಡವರಿಗೆ ಕಾಯಿಸದೆ ಸಿಗುವಂತೆ ಮಾಡುವುದು. ಚಿಕಿತ್ಸೆ ಮುಗಿಯುವವರೆಗೆ ರೋಗಿಗೆ, ಜೊತೆಗಾರಳಿಗೆ ತಂಗಲು ಜಾಗ, ಊಟ, ಕಳೆದುಹೋದ ಕೂಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಓದಿ ಹೇಳಿದ ಮೇಲೆ ರೋಗಿಯ ಗುರುತು.

ಗೆಳೆಯರೆ, ನಮ್ಮನ್ನು ಓದಿಸಲು ದೊಡ್ಡವ್ವನಂಥವರು ಬೆನ್ನು ಬಗ್ಗಿಸಿ ನಾಟಿ ಹಚ್ಚಿದರು. ನಮ್ಮ ಓದಿನಲ್ಲಿ ಅವರ ಪಾಲಿದೆ. ಆ ಪಾಲು ಕೊಡುವ ದಿನ ಯಾವುದೆಂದರೆ, ಅವರ ಹೆಸರು ಬರೆದ ಇಂಗ್ಲಿಷ್ ಕಾಗದ ನಮ್ಮ ಕೈಗೆ ಬರುವ ದಿನ.

ಅವತ್ತು ಕಾಗದ ಮಡಚಬೇಡಿ. ಬೇವಿನ ಮರದ ಕಡೆ ಹೋಗಬೇಡಿ. ಬೆಂಚಿನ ಕಡೆ ಹೋಗಿ. ಆಕೆಯ ಪಕ್ಕದಲ್ಲಿ ಕುಂತು, ಕೈ ಹಿಡಿದು, ಓದಿ ಹೇಳಿ.

ಈ ಪತ್ರಿಕೆಯನ್ನೂ ಓದಿ ಪೆಟ್ಟಿಗೆಯಲ್ಲಿ ಇಡಬೇಡಿ. ಮನೆಗೆ ತೆಗೆದುಕೊಂಡು ಹೋಗಿ ಅವ್ವನಿಗೆ ಓದಿ ಹೇಳಿ.